ಎಡಗಿವಿಗೆ ಇಸವಿ, ಬಲಗಿವಿಗೆ ಕಥೆ

ಮಾನ್ಯ ಕಲ್ಲುಲಿಯವರೇ,

ಅರಸೀಕೆರೆಯಲ್ಲಿ ಜಾನಕಿ ಸೌಂಡ್ಸ್ ಎಂಬ ಮೈಕ್‌ಸೆಟ್ ಅಂಗಡಿಯನ್ನು ನಡೆಸಿಕೊಂಡು ಬಂದಿರುವ ಪುಟ್ಟರಾಜು ಎಂಬ ನಾನು, ತಮ್ಮ ಇಂಪಾದ ಕಂಠಕ್ಕೂ, ಆ ಕಂಠವನ್ನು ಬಡವರ ಫೋನಿನೊಳಗೂ ಪುಕ್ಕಟೆಯಾಗಿ ಕೂರಿಸಿದ ತಮ್ಮ ಕಂಪನಿಯ ಸಮಸ್ತರಿಗೂ, ಎಡಗೈಯಲ್ಲಿ ಫೋನು ಹಿಡಿದಿರುವುದರಿಂದ ಒಂದೇ ಕೈಯಲ್ಲಿ ನಮಸ್ಕರಿಸಿ ವಿನಯಪೂರ್ವಕವಾಗಿ ಬರೆದುಕೊಳ್ಳುವ ದೂರು ಈ ಕೆಳಗಿನಂತಿದೆ.

ಇದು ಬಹಿರಂಗ ಪತ್ರವಾದ್ದರಿಂದ, ತಾವು ಯಾರೆಂದು ತಿಳಿಯದ ಓದುಗರಿಗೆ ತಮ್ಮನ್ನು ಪರಿಚಯಿಸುವುದು ನನ್ನ ಕರ್ತವ್ಯ. ತಾವು ಕಲ್ಲುಲಿ ಎಂಬ, ಹೆಣ್ಣುದನಿಯಲ್ಲಿ ಮಾತಾಡುವ ಒಂದು ಆ್ಯಪ್. ಬೇಲೂರು, ಹಳೇಬೀಡಿನಂಥ ಊರುಗಳಿಗೆ ಹೋದವರು ಗೈಡನ್ನು ಹಿಡಿಯದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಮ್ಮನ್ನು ಒತ್ತಿದರೆ ಸಾಕು, ಯಾವ ಕಂಬ ಯಾವ ದೊರೆಯದು, ಯಾವ ಗೋಡೆ ಯಾವ ಶತಮಾನದ್ದು ಎಂದು ತಾವು ದಣಿವಿಲ್ಲದೆ, ಕಾಫಿ ಕೇಳದೆ, ಕೊನೆಯಲ್ಲಿ ಕೈ ಚಾಚದೆ ಹೇಳುತ್ತೀರಿ. ಧ್ವನಿಯನ್ನೇ ಬಾಡಿಗೆಗೆ ಕೊಟ್ಟು ಬದುಕಿದ ನನ್ನಂಥವನು ತಮ್ಮ ಧ್ವನಿಯಲ್ಲಿ ಒಂದು ಗೊರಗೊರ, ಒಂದು ಕೀರಲು ಕಂಡುಹಿಡಿಯಲು ಬಹಳ ಪ್ರಯತ್ನಪಟ್ಟು ಸೋತಿದ್ದೇನೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ಮೈಕ್‌ಸೆಟ್‌ನವರಿಗೆ ಕೆಲಸವಿರುವುದಿಲ್ಲ. ಬೇಲೂರಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ, ಆದರೆ ಪ್ರತಿಸಲವೂ ಯಾವುದೋ ಸಮಾರಂಭದ ಕಂಬಕ್ಕೆ ಹಾರನ್ ಕಟ್ಟಲು ಹೋಗಿ, ಬಿಚ್ಚಿಕೊಂಡು ಬಂದಿದ್ದೇನೆಯೇ ಹೊರತು ದೇವಸ್ಥಾನದ ಒಳಗೆ ಕಾಲಿಟ್ಟವನಲ್ಲ. ಅಂಗಡಿಗೆ ತನ್ನ ಹೆಸರನ್ನು ಕೊಟ್ಟಿರುವ ನನ್ನ ಧರ್ಮಪತ್ನಿ ಜಾನಕಮ್ಮ, ಪಕ್ಕದ ತಾಲ್ಲೂಕಿನ ದೇವಸ್ಥಾನವನ್ನು ದೂರದ ಊರಿನವರೆಲ್ಲ ನೋಡಿದ್ದಾರೆ, ನಾವು ಮಾತ್ರ ಕ್ಯಾಲೆಂಡರಿನಲ್ಲಿ ನೋಡಿದ್ದೇವೆ ಎಂದು ಹೇಳಿದ್ದರಿಂದ ಈ ಸಲ ಹೊರಟೆವು. ಹೊರಡುವ ಮೊದಲೇ ನಮ್ಮಿಬ್ಬರ ನಡುವೆ ಅಭಿಪ್ರಾಯಭೇದ ಬಂದದ್ದು ತಮ್ಮ ಕುರಿತೇ.

"ಗೈಡ್ ಮಾಡ್ಕೊಳ್ಳಾಣ ಕಣ್ರೀ" ಎಂದಳು ಜಾನಕಮ್ಮ.

"ಫೋನಿನಲ್ಲೇ ಎಲ್ಲಾ ಐತೆ. ಗೈಡಿಗೆ ಯಾಕೆ ಕೊಡಾದು?" ಎಂದೆ.

"ಹೆಂಗಸ್ರಿಗೆ ಬಸ್ ಪುಕ್ಕಟೆ. ನನ್ನ ಟಿಕೆಟ್ ದುಡ್ಡು ಉಳೀತಲ್ಲ, ಅದನ್ನೇ ಕೊಡಿ. ಮನುಷ್ಯರು ಹೇಳಿದ್ರೆ ಅದೇ ಬೇರೆ."

ಉಳಿದ ದುಡ್ಡು ಉಳಿಯಲೆಂದೇ ಉಳಿದಿರುವುದು ಎಂಬ ನನ್ನ ವಾದವನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಅವಳು ಅಷ್ಟು ಹಟ ಹಿಡಿಯುವವಳಲ್ಲ. ಆದರೂ ಜಾವಗಲ್ ದಾಟುವವರೆಗೆ ಕಿಟಕಿಯ ಕಡೆಗೇ ಮುಖಮಾಡಿ ಕುಳಿತಿದ್ದಳು. ಬಸ್ಸು ಹಳೇಬೀಡಿನಲ್ಲಿ ನಿಂತಿತು. ಇಲ್ಲೇ ಇಳಿದುಬಿಡೋಣವೇ ಎಂದು ನಾನು ಯೋಚಿಸುವಷ್ಟರಲ್ಲಿ ತಾವು ಫೋನಿನಲ್ಲಿ "ಪ್ರವಾಸವನ್ನು ಬೇಲೂರಿನಿಂದ ಆರಂಭಿಸುವುದು ಸೂಕ್ತ" ಎಂದು ಅಪ್ಪಣೆ ಕೊಟ್ಟಿದ್ದರಿಂದ, ಕಣ್ಣೆದುರಿಗಿದ್ದ ಊರನ್ನು ಬಿಟ್ಟು ಮುಂದೆ ಹೋದೆವು.

ಬೇಲೂರಿನ ಗೋಪುರದ ಮುಂದೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಗೈಡೊಬ್ಬರು ಬಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ಜಾನಕಮ್ಮ ಅವರ ಮುಖವನ್ನೇ ನೋಡುತ್ತ ನಿಂತಳು. ನಾನು ಜೇಬಿನಿಂದ ಇಯರ್‌ಫೋನ್ ತೆಗೆದು, ಹೋಟೆಲಿಗೆ ಹೋಗುವಾಗ ಬುತ್ತಿ ತೋರಿಸಿದಂತೆ ತೋರಿಸಿ, "ನಮ್ಮದೇ ಐತೆ" ಎಂದೆ. ಅವರು ಒಂದು ಸಲ ವೈರನ್ನೂ ಒಂದು ಸಲ ನಮ್ಮಿಬ್ಬರ ತಲೆಗಳನ್ನೂ ನೋಡಿ, "ಒಳ್ಳೇದಾಗಲಿ" ಎಂದು ಹರಸಿ ಹೋದರು. ಅವರು ಹಾಗೆ ಹರಸಿದ್ದೇಕೆಂದು ಆಮೇಲೆ ತಿಳಿಯಿತು.

ಇಯರ್‌ಫೋನಿಗೆ ಇರುವುದು ಎರಡು ತುದಿ. ಒಂದರ ಮೇಲೆ ಎಲ್, ಇನ್ನೊಂದರ ಮೇಲೆ ಆರ್ ಎಂದು ಬರೆದಿರುತ್ತದೆ. ಎಲ್ ಎಡಗಿವಿಗೆ, ಆರ್ ಬಲಗಿವಿಗೆ. ಯಾವುದನ್ನು ಎಲ್ಲಿಗಾದರೂ ತುರುಕಿಕೊಳ್ಳುವವರು ಉಂಟು, ಆದರೆ ವೃತ್ತಿಯಲ್ಲಿರುವವನು ಹಾಗೆ ಮಾಡಬಾರದು. ಆದ್ದರಿಂದ ನಾನು ಎಡಗಡೆ ನಿಂತು ಎಡಗಿವಿಗೆ ಒಂದನ್ನು ಹಾಕಿಕೊಂಡು, ಅವಳನ್ನು ಬಲಗಡೆ ನಿಲ್ಲಿಸಿ ಬಲಗಿವಿಗೆ ಇನ್ನೊಂದನ್ನು ಹಾಕಿದೆ. ವೈರು ಗಿಡ್ಡ. ನೊಗಕ್ಕೆ ಕಟ್ಟಿದ ಜೋಡಿಯಂತೆ ತಲೆಗೆ ತಲೆ ತಾಗಿಸಿಕೊಂಡೇ ಚೆನ್ನಕೇಶವನ ಸುತ್ತ ನಡೆದೆವು. ಶಾಲೆಯ ಹುಡುಗಿಯರ ಗುಂಪೊಂದು ನಮ್ಮನ್ನೂ ಶಿಲ್ಪಗಳ ಜೊತೆಗೆ ಸೇರಿಸಿ ಫೋಟೋ ತೆಗೆದುಕೊಂಡಿತು.

ತಾವು ಎಡಕ್ಕೆ ತಿರುಗಿ ಎನ್ನುತ್ತಿದ್ದಿರಿ. ನಾನು ತಿರುಗುತ್ತಿದ್ದೆ. ಜಾನಕಮ್ಮ ತಿರುಗುತ್ತಿರಲಿಲ್ಲ. ವೈರು ಕಿತ್ತು ಬರುತ್ತಿತ್ತು. ಮತ್ತೆ ಸಿಕ್ಕಿಸಿ, "ಎಡಕ್ಕೆ ಅಂದ್ರಲ್ಲ, ಕೇಳಿಸ್ಲಿಲ್ವಾ?" ಎಂದರೆ "ಕೇಳಿಸ್ತು, ನೋಡ್ತಾ ನಿಂತೆ" ಎನ್ನುತ್ತಿದ್ದಳು. ನೀರು ಕುಡಿಯಲು ನಲ್ಲಿಯ ಹತ್ತಿರ ಹೋದಾಗ ತಾವು "ನೀವೀಗ ಗರ್ಭಗುಡಿಯ ಎದುರಿಗಿದ್ದೀರಿ" ಎಂದಿರಿ. ನಾನು ಗೊಂದಲಕ್ಕೀಡಾಗದೆ ನಲ್ಲಿಗೆ ಕೈಮುಗಿದೆ. ಅದನ್ನು ನಾನು ದೂರಿನಲ್ಲಿ ಸೇರಿಸುತ್ತಿಲ್ಲ.

ದೂರು ಶುರುವಾಗುವುದು ಕನ್ನಡಿ ಹಿಡಿದ ಮದನಿಕೆಯ ಕೆಳಗೆ. ತಾವು ನನ್ನ ಎಡಗಿವಿಯಲ್ಲಿ ದೊರೆಯ ಹೆಸರು, ಅವನ ತಂದೆಯ ಹೆಸರು, ಇಸವಿ, ಕಲ್ಲಿನ ಜಾತಿ, ಅದನ್ನು ಅಗೆದು ತಂದ ದಿಕ್ಕು ಇವಿಷ್ಟನ್ನು ಹೇಳಿ, ಆ ಹೆಣ್ಣಿನ ಮಾತಿಗೆ ಬರುವಷ್ಟರಲ್ಲಿ "ಮುಂದಿನ ಶಿಲ್ಪಕ್ಕೆ ಸಾಗಿ" ಎಂದಿರಿ. ನಾನು ಸುಮ್ಮನೆ, "ಏನಂದ್ಲು?" ಎಂದು ಜಾನಕಮ್ಮನನ್ನು ಕೇಳಿದೆ.

ಅವಳು ಮೇಲೆ ನೋಡುತ್ತ, "ಮದುವೆಮನೆಗೆ ಹೊಂಟವ್ಳೆ ಕಣ್ರೀ. ಗಂಡ ಆಚೆ ನಿಂತು ಹೊತ್ತಾಯ್ತು ಹೊತ್ತಾಯ್ತು ಅಂತ ಕೂಗ್ತಾವ್ನೆ. ಇವಳಿಗೆ ಒಂದು ಓಲೆ ಸರಿಯಾಗಿ ಕೂತಿಲ್ಲ. ಕನ್ನಡೀಲಿ ಓಲೆ ನೋಡ್ತಾ ಇಲ್ಲ ಅವಳು, ಹಿಂದೆ ಗಂಡ ಬಂದ್ನಾ ಅಂತ ನೋಡ್ತಾವ್ಳೆ" ಎಂದಳು.

ನಾನು ಮತ್ತೆ ಮೇಲೆ ನೋಡಿದೆ. ಹೌದು, ಅವಳು ಹಿಂದೆಯೇ ನೋಡುತ್ತಿದ್ದಳು.

ಗಿಳಿಯನ್ನು ಕೈಮೇಲೆ ಕೂರಿಸಿಕೊಂಡ ಇನ್ನೊಬ್ಬಳ ಕೆಳಗೆ ನನಗೆ ಮತ್ತೆ ಇಸವಿಯೇ ಸಿಕ್ಕಿತು. ಜಾನಕಮ್ಮನಿಗೆ ಸಿಕ್ಕಿದ್ದೇ ಬೇರೆ. "ಗುಟ್ಟು ಹೇಳ್ಕೊಂಡವ್ಳೆ ಆ ಗಿಳಿ ಹತ್ರ. ಯಾರಿಗೂ ಹೇಳ್ಬ್ಯಾಡ ಅಂತ ಮುದ್ದು ಮಾಡ್ತಾವ್ಳೆ. ಗಿಳಿ ನೋಡಿ, ಆಗ್ಲೇ ಕೊಕ್ಕು ಬಿಡ್ತಾ ಐತೆ." ಅಂಗಳದಲ್ಲಿ ಬುಡಕ್ಕೆ ಯಾವ ಆಧಾರವೂ ಇಲ್ಲದೆ ನಿಂತಿರುವ ದೀಪದ ಕಂಬದ ಹತ್ತಿರ ತಾವು ನನಗೆ ಅದರ ಎತ್ತರ, ತೂಕ ತಿಳಿಸಿದಿರಿ. ಅವಳಿಗೆ, ಆ ಕಂಬವನ್ನು ನಿಲ್ಲಿಸಿದ ಶಿಲ್ಪಿ ಸಂಜೆ ಮನೆಗೆ ಹೋಗಿ ಊಟ ಮಾಡಲಾರದೆ, ಬಿತ್ತೋ ಏನೋ ಎಂದು ಮತ್ತೆ ಬಂದು ನೋಡಿದ ಸಂಗತಿಯನ್ನು ತಿಳಿಸಿದಿರಿ.

ಮಾನ್ಯರೇ, ನಾನು ಧ್ವನಿಯ ವಿದ್ಯೆ ಬಲ್ಲವನು. ಎಡದ ಬಾಕ್ಸಿಗೆ ಒಂದು, ಬಲದ ಬಾಕ್ಸಿಗೆ ಇನ್ನೊಂದು ಶಬ್ದ ಕಳಿಸುವುದು ಸಾಧ್ಯವೆಂದು ನನಗೆ ಗೊತ್ತು. ಬೇಲೂರಿನ ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ನನಗೆ ಎಲ್ಲವೂ ಸ್ಪಷ್ಟವಾಯಿತು. ತಾವು ಎಡಗಡೆಯಲ್ಲಿ ಸರ್ಕಾರಿ ಮಾಹಿತಿಯನ್ನೂ ಬಲಗಡೆಯಲ್ಲಿ ಒಳ್ಳೆಯ ಕಥೆಗಳನ್ನೂ ಬಿಡುತ್ತಿದ್ದಿರಿ. ಅಷ್ಟು ಹೊತ್ತು ನಾನು ಕಾಳು ಬಿಟ್ಟು ಹೊಟ್ಟು ತಿಂದಿದ್ದೆ. ಈ ಪಕ್ಷಪಾತದ ಬಗ್ಗೆ ಜಾನಕಮ್ಮನಲ್ಲಿ ಹೇಳಿದಾಗ ಅವಳು ಅನ್ನಕ್ಕೆ ಸಾರು ಕಲೆಸುತ್ತ, "ನಿಮಗೂ ಕಥೆ ಬೇಕಾಗಿತ್ತಾ?" ಎಂದಷ್ಟೇ ಕೇಳಿ ಹಪ್ಪಳ ಮುರಿದಳು. ಅದನ್ನು ನಾನು ಹಂಚಿಕೊಳ್ಳುವ ಮನಸ್ಸಿಲ್ಲದಿರುವುದು ಎಂದು ತಿಳಿದೆ.

ಹಳೇಬೀಡಿಗೆ ಬಂದು ಹೊಯ್ಸಳೇಶ್ವರನ ಗೋಡೆಯ ಮುಂದೆ, ಆನೆಗಳ ಸಾಲು ಶುರುವಾಗುವ ಮೂಲೆಯಲ್ಲಿ ನಿಂತು, "ಈಗ ಬಲಗಡೆ ನನಗೆ ಕೊಡು" ಎಂದೆ.

"ಬ್ಯಾಡ, ಹಿಂಗೇ ಇರ್ಲಿ."

"ಬೆಳಗ್ಗಿಂದ ನೀನೇ ಕೇಳಿದ್ದೀಯ ಕಣೇ. ನನಗೂ ಒಂಚೂರು ಕೇಳಲಿ."

ಅವಳು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. ನಾನು ಬಿಡಲಿಲ್ಲ. ಅವಳನ್ನು ಎಡಕ್ಕೆ ನಿಲ್ಲಿಸಿ, ಎಲ್ ಎಂಬುದನ್ನು ಅವಳ ಎಡಗಿವಿಗೆ ಹಾಕಿ, ಆರ್ ಎಂಬುದನ್ನು ನಾನು ಹಾಕಿಕೊಂಡು, ಕಥೆ ಕೇಳಲು ಸಿದ್ಧನಾಗಿ ತಮ್ಮನ್ನು ಒತ್ತಿದೆ.

ಬಲಗಡೆಯಲ್ಲಿಯೂ ಇಸವಿಯೇ ಬಂತು.

ಅದೇ ಹೊತ್ತಿಗೆ ಜಾನಕಮ್ಮ ಬೆಚ್ಚಿ, ಎಡಗೈಯನ್ನು ಕಿವಿಗೆ ಒತ್ತಿಕೊಂಡು, "ಅಯ್ಯೋ, ಮಾತಾಡ್ತಾಳೆ!" ಎಂದಳು.

ಆ ಮಾತು ಹೊರಬಿದ್ದ ಕೂಡಲೇ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಾನು, "ಏನೇ ಹಂಗಂದ್ರೆ? ಬೆಳಗ್ಗಿಂದ ಮಾತಾಡ್ತಾನೇ ಅವ್ಳಲ್ಲ?" ಎಂದೆ. ಅವಳು ಆನೆಗಳನ್ನು ನೋಡುತ್ತಿದ್ದಳು. ನಾನು ನಿಂತಿದ್ದು ಈಗ ಅವಳ ಬಲಗಡೆ. ಮತ್ತೆ ಕರೆದೆ. ತಿರುಗಲಿಲ್ಲ. ಅವಳ ಎಡಗಿವಿಯಿಂದ ತಮ್ಮನ್ನು ನಿಧಾನವಾಗಿ ತೆಗೆದು, ತಮ್ಮ ಬಾಯಿ ಮುಚ್ಚಿಸಿ, ಯಾವ ಹೊಸ ಮೈಕನ್ನು ಜೋಡಿಸಿದರೂ ಮೊದಲು ಮಾಡುವಂತೆ, ಅವಳ ಬಲಗಿವಿಯ ಹತ್ತಿರ ಬಾಗಿ, ಪಿಸುದನಿಯಲ್ಲಿ "ಹಲೋ... ಹಲೋ... ಮೈಕ್ ಟೆಸ್ಟಿಂಗ್" ಎಂದೆ.

ಅವಳ ರೆಪ್ಪೆ ಕೂಡ ಅಲುಗಲಿಲ್ಲ. ಉಸಿರು ಕೆನ್ನೆಗೆ ತಾಗಿದಾಗ ತಿರುಗಿದಳು. ನನ್ನ ಮುಖ ನೋಡಿ ಅವಳಿಗೆ ಎಲ್ಲವೂ ತಿಳಿದುಹೋಯಿತು.

ನನ್ನ ಜೀವಮಾನದಲ್ಲಿ ವೈರು ಎಲ್ಲಿ ಕಡಿದಿದೆ ಎಂದು ಹುಡುಕಿ ಸಿಗದೇ ಇದ್ದದ್ದಿಲ್ಲ. ಆವತ್ತು ವೈರೂ ಸರಿಯಿತ್ತು, ಫೋನೂ ಸರಿಯಿತ್ತು, ತಾವೂ ಸರಿಯಿದ್ದಿರಿ. ತಾವು ಸರಿಯಿದ್ದದ್ದಕ್ಕೆ ನನಗೆ ಬಂದಷ್ಟು ಸಿಟ್ಟು ತಾವು ಕೆಟ್ಟುಹೋಗಿದ್ದರೂ ಬರುತ್ತಿರಲಿಲ್ಲ.

ಕೆರೆ ಕಾಣುವ ಕಡೆ ಹುಲ್ಲಿನ ಮೇಲೆ ಕುಳಿತೆವು. ತುಂತುರು ಬಿದ್ದು ನಿಂತಿತ್ತು. ನಾನು ಅವಳ ಎದುರಿಗೆ ಕುಳಿತೆ.

"ಯಾವಾಗಿಂದ?"

"ದೀಪಾವಳಿ ಆದ್ಮೇಲೆ. ಒಂದಿನ ಎದ್ದಾಗ ಗುಂಯ್ ಅಂತು. ಆಮೇಲೆ ಆ ಕಡೆ ಏನೂ ಇಲ್ಲ."

"ಹೇಳಾದಲ್ವಾ?"

"ಮೈಕ್‌ಸೆಟ್ ಪುಟ್ಟರಾಜು ಹೆಂಡ್ತಿ ಕಿವುಡಿ ಅಂದ್ರೆ ಅರಸೀಕೆರೆ ಪೂರ್ತಿ ನಗಲ್ವಾ? ಅಂಗಡಿ ಬೋರ್ಡ್ ಮೇಲೆ ನನ್ನ ಹೆಸರೇ ಐತೆ." ಅವಳು ನಗಲು ಹೋಗಿ, ನಗಲಾರದೆ ಕಣ್ಣೊರೆಸಿಕೊಂಡಳು. "ಅದಕ್ಕೇ ಗೈಡ್ ಮಾಡಾಣ ಅಂದೆ. ಮನುಷ್ಯರಾದ್ರೆ ಎದುರಿಗೆ ನಿಂತು ಹೇಳ್ತಾರೆ. ಬಾಯಿ ಕಾಣುತ್ತೆ, ಕೈ ಕಾಣುತ್ತೆ, ಅರ್ಧ ಕೇಳಿಸ್ದಿದ್ರೂ ಗೊತ್ತಾಗುತ್ತೆ. ನಿಮ್ಮ ಫೋನಿಗೆ ಬಾಯೆಲ್ಲೈತೆ?"

"ಹಂಗಾದ್ರೆ ಆ ಕಥೆಗಳು?"

"ನೀವು ಏನಂದ್ಲು, ಏನಂದ್ಲು ಅಂತ ಕೇಳ್ತಿದ್ರಲ್ಲ. ಏನಾದ್ರೂ ಹೇಳ್ಬೇಕಿತ್ತಲ್ಲ. ಕಂಡಿದ್ದು ಹೇಳ್ದೆ."

ಮಾನ್ಯರೇ, ತಾವು ಹೇಳಿದಿರೆಂದು ಹೊಟ್ಟೆಕಿಚ್ಚುಪಟ್ಟ ಅಷ್ಟೂ ಕಥೆಗಳು ತಮ್ಮವಲ್ಲವೆಂದು ನನಗೆ ತಿಳಿದದ್ದು ಹೀಗೆ.

ಬಹಳ ಹೊತ್ತಾದ ಮೇಲೆ, ಗೇಟಿನ ಹತ್ತಿರದ ಎಳನೀರು ಅಂಗಡಿಯವರನ್ನು ಗೈಡ್ ಸಿಗುತ್ತಾರೆಯೇ ಎಂದು ಕೇಳಿದೆ. ಅವರು, "ದರ್ಶಿನಿ ಇದಾರೆ ನೋಡಿ, ಬಸದಿ ಕಡೆ" ಎಂದರು. ನಾನು ಅದನ್ನು ಇಡ್ಲಿ ಸಿಗುವ ಹೋಟೆಲೆಂದು ತಿಳಿದು ಊಟ ಆಯಿತು ಎಂದೆ. ದರ್ಶಿನಿಯವರು ಹಳೇಬೀಡಿನ ಜೈನರ ಮನೆಯ ಹೆಂಗಸು, ನಲವತ್ತರ ಆಸುಪಾಸು, ಕೈಯಲ್ಲಿ ಮಡಚಿದ ಛತ್ರಿ. ಜಾನಕಮ್ಮ ಬಲಗಿವಿಯನ್ನು ಮುಟ್ಟಿ ತಾನೇ ಹೇಳಿದಳು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಮುಖ ಕಂಡ ಗಳಿಗೆಯಲ್ಲೇ ಅವರಿಗೆ ಹೇಳಿದಳು. ಅವರು ಅಯ್ಯೋ ಪಾಪ ಎನ್ನಲಿಲ್ಲ. "ಹೌದಾ? ಹಾಗಾದ್ರೆ ನಾನು ಮುಂದೆ ನಡೀತಾ ಹೇಳಲ್ಲ ಅಮ್ಮ. ನಿಂತು ಹೇಳ್ತೀನಿ, ಆಮೇಲೆ ನಡೆಯೋಣ. ಸ್ವಲ್ಪ ತಡ ಆಗುತ್ತೆ, ಪರವಾಗಿಲ್ವಾ?" ಎಂದರು.

ಬಸದಿಯಲ್ಲಿ ಜನವಿರಲಿಲ್ಲ. ಕನ್ನಡಿಯಂತೆ ಹೊಳೆಯುವ ಕಪ್ಪು ಕಂಬಗಳ ನಡುವೆ ಜಾನಕಮ್ಮನನ್ನು ನಿಲ್ಲಿಸಿ, ಬೆಳಕಿಗೆ ಮುಖ ಕೊಟ್ಟು ನಿಂತು ದರ್ಶಿನಿಯವರು ಹೇಳಿದರು. ಒಂದು ಕೆತ್ತನೆಯನ್ನು ತೋರಿಸಿ ಇದು ಯಾಕೆ ಅರ್ಧಕ್ಕೆ ನಿಂತಿದೆ ಎಂದು ಜಾನಕಮ್ಮ ಕೇಳಿದಾಗ, "ಗೊತ್ತಿಲ್ಲ ಅಮ್ಮ. ನಿಮಗೇನನ್ಸುತ್ತೆ?" ಎಂದು ಕೇಳಿದರು. ತಾವು ಬೆಳಗ್ಗೆಯಿಂದ ಒಂದು ಸಲವೂ ಗೊತ್ತಿಲ್ಲ ಎಂದಿರಲಿಲ್ಲ, ನಮಗೇನನಿಸುತ್ತದೆ ಎಂದಂತೂ ಕೇಳಿರಲಿಲ್ಲ. ಜಾನಕಮ್ಮ ತನಗನಿಸಿದ್ದನ್ನು ಹೇಳಿದಳು. ಅವರಿಬ್ಬರೂ ಮಾತಾಡುತ್ತ ಮಾತಾಡುತ್ತ ನನ್ನನ್ನು ಮರೆತರು. ನಾನು ಕಂಬದೊಳಗೆ ಕಾಣುತ್ತಿದ್ದ ನನ್ನ ಉದ್ದನೆಯ ಮುಖವನ್ನು ನೋಡುತ್ತ ನಿಂತಿದ್ದೆ. ಕೊನೆಗೆ ಜಾನಕಮ್ಮನೇ ತನ್ನ ಪರ್ಸು ತೆರೆದು ಕೊಡಬೇಕಾದ್ದನ್ನು ಕೊಟ್ಟಳು. ನಾನು ಅಡ್ಡ ಬರಲಿಲ್ಲ.

ಆ ವಾರವೇ ಹಾಸನಕ್ಕೆ, ಕಿವಿಯ ಡಾಕ್ಟರ ಹತ್ತಿರ ಹೋದೆವು. ಗಾಜಿನ ಕಿಟಕಿಯಿದ್ದ ಚಿಕ್ಕ ಕೋಣೆಯೊಳಗೆ ಅವಳನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, ಶಬ್ದ ಕೇಳಿಸಿದಾಗಲೆಲ್ಲ ಒತ್ತಿ ಎಂದರು. ಎಡಗಿವಿಗೆ ಶಬ್ದ ಕಳಿಸಿದಾಗ ಅವಳ ಹೆಬ್ಬೆರಳು ಚುರುಕಾಗಿ ಒತ್ತುತ್ತಿತ್ತು. ಆಮೇಲೆ ಬಲಗಿವಿಗೆ ಕಳಿಸಿದರು. ಕೋಣೆಯ ಹೊರಗಿನ ಯಂತ್ರದಲ್ಲಿ ದೀಪ ಹತ್ತುತ್ತಿತ್ತು, ಮುಳ್ಳು ಮೇಲೇರುತ್ತಿತ್ತು, ಅವಳು ಗುಂಡಿ ಹಿಡಿದು ಶಾಲೆಯ ಮಗುವಿನಂತೆ ಕಾಯುತ್ತಿದ್ದಳು. ಓಡಿಹೋಗಿ ಅವಳ ಬದಲು ನಾನೇ ಒತ್ತಿಬಿಡಲೇ ಎನಿಸಿತು.

ಕೂಡಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ, ಈಗ ಆ ಕಿವಿಯ ನರ ಹೋಗಿದೆ, ಇನ್ನೊಂದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಕಾರಣ ಖಚಿತವಾಗಿ ಹೇಳಲಾಗದು ಎಂದೂ ಹೇಳಿ, "ಮನೆಯಲ್ಲಿ ಜೋರು ಶಬ್ದ ಏನಾದರೂ ಇರುತ್ತಾ?" ಎಂದು ಕೇಳಿದರು. ಜಾನಕಮ್ಮ ನನ್ನ ಕಡೆ ನೋಡದೆ, "ಏನಿಲ್ಲ ಡಾಕ್ಟ್ರೇ, ನಮ್ಮ ಮನೆಯೋರು ಒಂಚೂರು ಜೋರಾಗಿ ಮಾತಾಡ್ತಾರೆ ಅಷ್ಟೇ" ಎಂದಳು.

ಈಚೆಗೆ ಅಂಗಡಿಗೆ ಬಂದವರು ಕೆಲವರು, ಕಡಿಮೆ ಖರ್ಚಿನಲ್ಲಿ ಬೇಲೂರು, ಹಳೇಬೀಡು ನೋಡಿಬರಲು ಗೈಡ್ ಮಾಡಿಕೊಳ್ಳಬೇಕೋ ಇಲ್ಲ ನಾವೇ ನೋಡಿಕೊಳ್ಳಬಹುದೋ ಎಂದು ನನ್ನನ್ನು ಕೇಳುತ್ತಾರೆ. ತಮ್ಮ ಮೇಲಿನ ಗೌರವದಿಂದ ನಾನು ತಮ್ಮ ಹೆಸರನ್ನೂ ಹೇಳುತ್ತೇನೆ. ಒಬ್ಬಂಟಿಯಾಗಿ ಹೋಗುವವರು, ಇಸವಿಗಳನ್ನು ಪ್ರೀತಿಸುವವರು, ಪಕ್ಕದಲ್ಲಿರುವವರ ಮಾತು ಕೇಳಬಾರದೆಂದು ಇರುವವರು, ಇವರಿಗೆಲ್ಲ ತಮಗಿಂತ ಮಿಗಿಲಾದ ಸಂಗಾತಿ ಇಲ್ಲ. ಉಳಿದವರು ಬಸ್ಸಿನಲ್ಲಿ ಹೋಗಲಿ, ಬುತ್ತಿ ಕಟ್ಟಿಕೊಳ್ಳಲಿ, ಸಂಜೆಗೇ ಹಿಂದಿರುಗಲಿ, ಎಲ್ಲಿ ಬೇಕಾದರೂ ಉಳಿಸಲಿ, ಎದುರಿಗೆ ನಿಂತು ಹೇಳುವ ಮನುಷ್ಯರ ವಿಷಯದಲ್ಲಿ ಮಾತ್ರ ಉಳಿಸುವುದು ಬೇಡ ಎನ್ನುತ್ತೇನೆ. ಮೈಕ್‌ಸೆಟ್‌ನವನು ಇಷ್ಟು ಮೆತ್ತಗೆ ಮಾತಾಡುವುದನ್ನು ಕಂಡು ಅವರಿಗೆ ಆಶ್ಚರ್ಯವಾಗುತ್ತದೆ.

ಇನ್ನು ನನ್ನ ಪ್ರಾರ್ಥನೆಗಳು. ತಾವು ದಯಮಾಡಿ ಒಂದು ಮುಖವನ್ನು ಸಂಪಾದಿಸಿಕೊಳ್ಳಬೇಕು. ಅದು ಬೆಳಕಿನ ಕಡೆಗೆ ತಿರುಗಿರಬೇಕು. ಎದುರಿಗಿರುವವರು ತಲೆಯಾಡಿಸಿದರೆ ಅದು ಕೇಳಿಸಿದ ತಲೆಯಾಡಿಸುವಿಕೆಯೋ ಸುಮ್ಮನೆ ಆಡಿಸಿದ್ದೋ ಎಂದು ತಾವು ಅನುಮಾನಪಡುವುದನ್ನು ಕಲಿಯಬೇಕು. ದಿನಕ್ಕೊಂದು ಸಲವಾದರೂ ಗೊತ್ತಿಲ್ಲ ಎನ್ನಬೇಕು. ಮತ್ತು ಆ ಎಡಗಡೆಯ, ಬಲಗಡೆಯ ವಿಷಯದಲ್ಲಿ ತಮ್ಮ ಮೇಲೆ ನಾನು ಹೊರಿಸಿದ್ದ ಪಕ್ಷಪಾತದ ಆರೋಪವನ್ನು ಸಾಬೀತುಪಡಿಸಬೇಕು. ತಾವು ನಿಜಕ್ಕೂ ಆ ಕಥೆಗಳನ್ನು ಅವಳ ಬಲಗಿವಿಗೆ ಹೇಳಿದ್ದೇ ಹೌದು, ಅವಳು ಅದನ್ನು ಕೇಳಿಸಿಕೊಂಡದ್ದೇ ಹೌದು ಎಂದು ತಮ್ಮ ಕಂಪನಿಯ ಮುದ್ರೆಯಿರುವ ಪತ್ರವೊಂದನ್ನು ಕಳುಹಿಸಿಕೊಡಬೇಕು. ಅದು ಸುಳ್ಳೆಂದು ನನಗೆ ಗೊತ್ತಿದ್ದರೂ ನಾನು ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಯ ಮೇಲೆ ತೂಗುಹಾಕುತ್ತೇನೆ.

ಈ ದೂರಿನ ಹೊರತಾಗಿ ತಮ್ಮ ಮೇಲೆ ಯಾವ ಅಸಮಾಧಾನವನ್ನೂ ಇಟ್ಟುಕೊಳ್ಳಲು ಜಾಗವಿಲ್ಲದ,
ತಮ್ಮ ವಿಶ್ವಾಸಿ,
ಪುಟ್ಟರಾಜು,
ಜಾನಕಿ ಸೌಂಡ್ಸ್, ಅರಸೀಕೆರೆ

ತಾ.ಕ.: ಇದನ್ನು ಬರೆಯುತ್ತಿರುವಾಗ ಜಾನಕಮ್ಮ ಬಂದು, ಯಾರಿಗೆ ಬರೀತಿದ್ದೀರಿ ಎಂದು ಕೇಳಿ, ಪೂರ್ತಿ ಓದಿಸಿಕೊಂಡಳು. ಓದಿ ಮುಗಿಸಿದ ಮೇಲೆ, "ಪಾಪ, ಅವಳನ್ನ ಯಾಕೆ ಇಷ್ಟು ಬೈತೀರಿ. ಕೇಳೋರು ಅವ್ರೋ ಇಲ್ವೋ ಅಂತ ಗೊತ್ತಾಗ್ದೆ ಮಾತಾಡೋದು ಎಷ್ಟು ಕಷ್ಟ ಅಂತ ನಿಮಗೇನು ಗೊತ್ತು" ಎಂದಳು. ಅವಳ ಮಾತಿಗೆ ಬೆಲೆ ಕೊಟ್ಟು ಮೇಲಿನ ಬೈಗುಳಗಳಲ್ಲಿ ಎರಡನ್ನು ಹೊಡೆದು ಹಾಕಿದ್ದೇನೆ. ಉಳಿದವು ಹಾಗೆಯೇ ಇವೆ.